ಸೋಲರ್ ಕ್ಲಸ್ಟರ್‌ಗೆ ಕಾನ್ಫಿಗ್ ಕಳಿಸುವುದು: ಏರಿಸಿ, ಓದಿಸಿ, ಕಣ್ಣಾರೆ ನೋಡಿ

ಕಳೆದ ಮಳೆಗಾಲದ ಒಂದು ಬೆಳಗ್ಗೆ ಗ್ರಂಥಾಲಯದ ಮಾಷ್ಟ್ರು ಫೋನ್ ಮಾಡಿದರು. "ಮಾರಾಯಾ, ಹೊಸದುರ್ಗ ಅಂತ ಹಾಕಿದ್ರೆ ಒಂದು ಸಲ ನಲ್ವತ್ತು ಪುಸ್ತಕ ತೋರಿಸ್ತದೆ. ಅದನ್ನೇ ಪುನಃ ಒತ್ತಿದ್ರೆ ಹನ್ನೆರಡೇ ಬರ್ತದೆ. ಓದ್ಲಿಕ್ಕೆ ಬಂದವರಿಗೆ ನಾನು ಯಾವುದು ಅಂತ ಹೇಳ್ಲಿ?"

ನಮ್ಮ ಕಾಸರಗೋಡಿನ ಕೆಲವು ಗ್ರಂಥಾಲಯಗಳ ಪುಸ್ತಕಗಳನ್ನೆಲ್ಲ ಒಂದೇ ಕಡೆ ಹುಡುಕುವ ಹಾಗೆ ಒಂದು ಕ್ಯಾಟಲಾಗ್ ಮಾಡಿಕೊಟ್ಟಿದ್ದೇನೆ. ಅದರ ಹಿಂದೆ ಅಪಾಚೆ ಸೋಲರ್ ಎಂಬ ಹುಡುಕಾಟದ ಸಾಫ್ಟ್‌ವೇರ್ ಇದೆ. ಪೇಟೆಯ ಒಂದು ಕೋಣೆಯಲ್ಲಿ ಮೂರು ಮೆಷಿನ್, ಮೂರರಲ್ಲೂ ಸೋಲರ್, ಮೂರರಲ್ಲೂ ಜೂಕೀಪರ್ (ಎಲ್ಲ ಮೆಷಿನ್‌ಗಳಿಗೂ ಬೇಕಾದ ಸೆಟ್ಟಿಂಗ್‌ಗಳನ್ನು ಕಾಯ್ದಿಡುವ ಸಾಫ್ಟ್‌ವೇರ್). ಹೀಗೆ ಒಟ್ಟಾಗಿ ಕೆಲಸ ಮಾಡುವ ಮೆಷಿನ್‌ಗಳ ಗುಂಪೇ ಕ್ಲಸ್ಟರ್, ಹೇಗೆ ಹುಡುಕಬೇಕು ಅಂತ ಅವಕ್ಕೆ ಹೇಳುವ ಫೈಲ್‌ಗಳೇ ಕಾನ್ಫಿಗ್. ಮಾಷ್ಟ್ರು ಫೋನ್ ಮಾಡಿದ ಹಿಂದಿನ ದಿನ ಸಂಜೆ ನಾನು ಸಮಾನಪದಗಳ ಫೈಲ್‌ಗೆ ಒಂದು ಸಾಲು ಸೇರಿಸಿದ್ದೆ: ಹೊಸದುರ್ಗ, ಕಾಞಂಗಾಡು. ತಾಲೂಕಿನ ಹೆಸರು ಹೊಸದುರ್ಗ, ಅದರ ಪೇಟೆ ಕಾಞಂಗಾಡು. ಕನ್ನಡ ಪುಸ್ತಕಗಳಲ್ಲಿ ಒಂದು ಹೆಸರು, ಮಲಯಾಳ ಪುಸ್ತಕಗಳಲ್ಲಿ ಇನ್ನೊಂದು. ಯಾವುದನ್ನು ಹುಡುಕಿದರೂ ಎರಡೂ ಸಿಗಲಿ ಅಂತ ಆ ಸಾಲು. ಫೈಲನ್ನು ಜೂಕೀಪರ್‌ಗೆ ಏರಿಸಿದೆ, ಉಳಿದದ್ದು ನಾಳೆ ಅಂದುಕೊಂಡು ಮನೆಗೆ ಹೋದೆ.

ರಾತ್ರಿ ಗಾಳಿಮಳೆಗೆ ಕರೆಂಟ್ ಹೋಯಿತು. ಒಂದು ಮೆಷಿನ್‌ನ ಯುಪಿಎಸ್ ಬ್ಯಾಟರಿ ಸೋತಿತ್ತು. ಅದು ಆಫ್ ಆಗಿ, ಕರೆಂಟ್ ಬಂದ ಮೇಲೆ ತಾನೇ ಆನ್ ಆಯಿತು. ಏಳುವಾಗ ಹೊಸ ಫೈಲ್ ಓದಿಕೊಂಡಿತು. ಉಳಿದೆರಡು ಮೆಷಿನ್‌ಗಳು ಹಳೆಯ ಫೈಲನ್ನೇ ತಲೆಯಲ್ಲಿ ಇಟ್ಟುಕೊಂಡಿದ್ದವು. ಹುಡುಕಾಟ ಯಾವ ಮೆಷಿನ್‌ಗೆ ಹೋಯಿತೋ ಅದರ ಮೇಲೆ ನಲವತ್ತೋ ಹನ್ನೆರಡೋ ಬರುತ್ತಿತ್ತು.

ಕ್ಲಸ್ಟರ್‌ಗೆ ಕಾನ್ಫಿಗ್ ಕಳಿಸುವುದರಲ್ಲಿ ಜನ ಎಡವುವುದು ಹೆಚ್ಚಾಗಿ ಇಲ್ಲೇ. ಫೈಲನ್ನು ಏರಿಸುವುದು ಒಂದು ಕೆಲಸ. ಎಲ್ಲ ಮೆಷಿನ್‌ಗಳಿಗೂ ಅದನ್ನು ಓದಿಸುವುದು ಇನ್ನೊಂದು. ಓದಿದವೋ ಇಲ್ಲವೋ ಅಂತ ಒಂದೊಂದನ್ನೇ ನೋಡುವುದು ಮೂರನೆಯದು. ಈ ಮೂರನ್ನೂ ಒಂದೇ ಕೂತಲ್ಲಿ ಮಾಡಿ ಮುಗಿಸಬೇಕು. ಹೇಗೆ ಅಂತ ಮೊದಲಿಂದ ಹೇಳುತ್ತೇನೆ. ಕಮಾಂಡ್‌ಗಳನ್ನೂ ಫೈಲ್ ಹೆಸರುಗಳನ್ನೂ ಕನ್ನಡದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬಳಸಿ.

ಫೈಲ್‌ಗಳು ಇರುವುದೆಲ್ಲಿ

ಒಂದೇ ಮೆಷಿನ್‌ನಲ್ಲಿ ಸೋಲರ್ ಓಡಿಸಿದವರಿಗೆ ಕಾನ್ಫ್ ಫೋಲ್ಡರ್ ಗೊತ್ತಿರುತ್ತದೆ. ಅದರೊಳಗೆ ಸೋಲರ್‌ಕಾನ್ಫಿಗ್.ಎಕ್ಸ್‌ಎಂಎಲ್, ಮ್ಯಾನೇಜ್ಡ್-ಸ್ಕೀಮಾ.ಎಕ್ಸ್‌ಎಂಎಲ್, ಸಿನೊನಿಮ್ಸ್, ಸ್ಟಾಪ್‌ವರ್ಡ್ಸ್ ಇತ್ಯಾದಿ ಇರುತ್ತವೆ. ಅಲ್ಲಿ ಫೈಲ್ ತಿದ್ದಿ, ಸೋಲರ್ ರೀಸ್ಟಾರ್ಟ್ ಮಾಡಿದರೆ ಆಯಿತು.

2012ರಲ್ಲಿ ಸೋಲರ್ 4.0 ಜೊತೆ ಸೋಲರ್‌ಕ್ಲೌಡ್ ಬಂತು. ಅಲ್ಲಿಂದ ಲೆಕ್ಕ ಬೇರೆ. ಕ್ಲಸ್ಟರ್‌ನಲ್ಲಿ ಈ ಫೈಲ್‌ಗಳು ಯಾವ ಸೋಲರ್ ಮೆಷಿನ್‌ನ ಡಿಸ್ಕ್‌ನಲ್ಲೂ ಇರುವುದಿಲ್ಲ. ಎಲ್ಲವೂ ಜೂಕೀಪರ್‌ನಲ್ಲಿ, ಕಾನ್ಫಿಗ್ಸ್ ಎಂಬ ದಾರಿಯ ಕೆಳಗೆ, ಒಂದೊಂದು ಹೆಸರಿನಲ್ಲಿ ಕೂರುತ್ತವೆ. ಆ ಗುಂಪಿಗೆ ಕಾನ್ಫಿಗ್‌ಸೆಟ್ ಅನ್ನುತ್ತಾರೆ. ಒಂದು ಕಲೆಕ್ಷನ್, ಅಂದರೆ ಒಟ್ಟಿಗೆ ಹುಡುಕುವ ದಾಖಲೆಗಳ ಗುಂಪು, ಒಂದು ಕಾನ್ಫಿಗ್‌ಸೆಟ್‌ನ ಹೆಸರನ್ನು ಹಿಡಿದುಕೊಂಡಿರುತ್ತದೆ. ಎರಡು ಮೂರು ಕಲೆಕ್ಷನ್‌ಗಳು ಒಂದೇ ಕಾನ್ಫಿಗ್‌ಸೆಟ್ ಹಂಚಿಕೊಳ್ಳಬಹುದು. ಹಂಚಿಕೊಂಡಿದ್ದರೆ ಒಂದಕ್ಕಾಗಿ ಮಾಡಿದ ಬದಲಾವಣೆ ಇನ್ನೊಂದನ್ನೂ ಮುಟ್ಟುತ್ತದೆ, ನೆನಪಿರಲಿ.

ಸೋಲರ್ ಮೆಷಿನ್ ಏಳುವಾಗ, ಅಥವಾ ರೀಲೋಡ್ ಮಾಡು ಅಂದಾಗ, ಜೂಕೀಪರ್‌ನಿಂದ ಓದಿ ನೆನಪಿನಲ್ಲಿ ಇಟ್ಟುಕೊಳ್ಳುತ್ತದೆ. ನಡುವೆ ನೀವು ಜೂಕೀಪರ್‌ನಲ್ಲಿ ಫೈಲ್ ಬದಲಿಸಿದರೆ ಅದಕ್ಕೆ ಏನೂ ಅನಿಸುವುದಿಲ್ಲ. ನಮ್ಮ ಹೊಸದುರ್ಗದ ಕಥೆ ಪೂರ್ತಿ ಈ ಒಂದು ಮಾತಿನಲ್ಲಿದೆ.

ಜೂಕೀಪರ್ ಮೂರೋ ಐದೋ ಇರಲಿ, ಬೆಸ ಸಂಖ್ಯೆಯೇ ಇರಲಿ. ಮೂರರಲ್ಲಿ ಒಂದು ಬಿದ್ದರೂ ಉಳಿದ ಎರಡರಿಂದ ಬಹುಮತ ಇರುತ್ತದೆ. ಐದಿದ್ದರೆ ಎರಡು ಬೀಳಬಹುದು. ನಾಲ್ಕು ಇಟ್ಟರೆ ಲಾಭವಿಲ್ಲ, ಆಗಲೂ ಒಂದೇ ಬೀಳಬಹುದು. ಬಹುಮತ ಹೋದರೆ ಹುಡುಕಾಟ ನಡೆಯುತ್ತದೆ, ಆದರೆ ಹೊಸ ಪುಸ್ತಕ ಸೇರಿಸಲು ಆಗುವುದಿಲ್ಲ, ಕಾನ್ಫಿಗ್ ಬದಲಿಸಲೂ ಆಗುವುದಿಲ್ಲ. ಸೋಲರ್‌ನ ಜೊತೆಗೇ ಬರುವ ಒಳಗಿನ ಜೂಕೀಪರ್ ಇದೆ, 9983 ಪೋರ್ಟ್‌ನಲ್ಲಿ ಏಳುತ್ತದೆ. ಅದು ಕಲಿಯುವುದಕ್ಕೆ ಚೆನ್ನಾಗಿದೆ. ನಿಜವಾದ ಕೆಲಸಕ್ಕೆ ಹೊರಗಿನ ಜೂಕೀಪರ್ ಬೇಕು, ಅದರ ಪೋರ್ಟ್ 2181.

ಏರಿಸುವ ಮೊದಲು ಫೈಲ್ ಸರಿ ಮಾಡಿಕೊಳ್ಳಿ

ಕಾನ್ಫ್ ಫೋಲ್ಡರನ್ನು ಗಿಟ್‌ನಲ್ಲಿ, ಅಂದರೆ ಫೈಲ್‌ನ ಪ್ರತಿ ಬದಲಾವಣೆಯನ್ನೂ ದಾಖಲಿಸುವ ಸಾಫ್ಟ್‌ವೇರ್‌ನಲ್ಲಿ, ಇಡಿ. ಜೂಕೀಪರ್‌ನಲ್ಲಿ ಇರುವುದು ಪ್ರತಿ, ಮೂಲ ಗಿಟ್‌ನಲ್ಲಿ. ಈ ಒಂದು ನಿಯಮ ಬಿಟ್ಟರೆ ಆರು ತಿಂಗಳಲ್ಲಿ ಯಾವುದು ಹೊಸತು ಯಾವುದು ಹಳತು ಯಾರಿಗೂ ಗೊತ್ತಾಗುವುದಿಲ್ಲ.

ಈಗ ಕನ್ನಡದ ವಿಷಯಕ್ಕೆ ಬರುತ್ತೇನೆ. ಇಲ್ಲಿ ಸ್ವಲ್ಪ ನಿಧಾನ ಓದಿ, ಯಾಕೆಂದರೆ ಇಂಗ್ಲಿಷ್ ಮಾರ್ಗದರ್ಶಿಗಳಲ್ಲಿ ಇದು ಸಿಗುವುದು ಕಡಿಮೆ.

ಕಾಸರಗೋಡು ಅನ್ನುವ ಹೆಸರನ್ನೇ ತೆಗೆದುಕೊಳ್ಳಿ. ನಮ್ಮ ಕ್ಯಾಟಲಾಗ್‌ನಲ್ಲಿ ಕಾಸರಗೋಡು ಇದೆ, ಕಾಸರ್ಗೋಡ್ ಇದೆ, ಕಾಸರ್‌ಗೋಡ್ ಕೂಡ ಇದೆ. ಕೊನೆಯ ಎರಡರಲ್ಲಿ ಅಕ್ಷರಗಳೆಲ್ಲ ಒಂದೇ. ವ್ಯತ್ಯಾಸ ಇಷ್ಟೇ, ಕೊನೆಯದರಲ್ಲಿ ಅರ್ಕಾವೊತ್ತು ಬರಬಾರದು ಅಂತ ಟೈಪ್ ಮಾಡಿದವರು ನಡುವೆ ಒಂದು ಕಾಣದ ಅಕ್ಷರ ಹಾಕಿದ್ದಾರೆ. ಯೂನಿಕೋಡ್‌ನಲ್ಲಿ ಅದರ ನಂಬರ್ 200ಸಿ. ನಮ್ಮ ಕಣ್ಣಿಗೆ ಎರಡೂ ಒಂದೇ ಊರು. ಸೋಲರ್‌ಗೆ ಅವು ಎರಡು ಬೇರೆ ಪದ. ಇದಕ್ಕೆ ಮ್ಯಾಪಿಂಗ್ ಚಾರ್ ಫಿಲ್ಟರ್, ಅಂದರೆ ಪದ ಒಡೆಯುವ ಮೊದಲೇ ಅಕ್ಷರ ಬದಲಿಸುವ ಜರಡಿ, ಬಳಸಿ. ಅದಕ್ಕೊಂದು ಚಿಕ್ಕ ಫೈಲ್ ಬರೆದು, 200ಸಿ ಬಂದರೆ ಅಳಿಸು ಅಂತ ಒಂದು ಸಾಲು ಹಾಕಿ, ಕಾನ್ಫ್ ಒಳಗೇ ಇಡಿ.

ಮಲಯಾಳ ಪುಸ್ತಕಗಳೂ ಇರುವಲ್ಲಿ ಒಂದು ಎಚ್ಚರ. 200ಸಿ ಅಳಿಸಿದ ಹಾಗೆಯೇ ಅದರ ಪಕ್ಕದ ಇನ್ನೊಂದು ಕಾಣದ ಅಕ್ಷರ 200ಡಿ ಕೂಡ ಅಳಿಸಿಬಿಡೋಣ ಅನಿಸುತ್ತದೆ. ಹಾಗೆ ಸುಮ್ನೆ ಅಳಿಸಬೇಡಿ. ಮಲಯಾಳದ ಚಿಲ್ಲು ಅಕ್ಷರಗಳನ್ನು (ಸ್ವರವಿಲ್ಲದ ವ್ಯಂಜನಗಳನ್ನು) ಹಿಂದೆ ವ್ಯಂಜನ, ಸ್ವರ ತೆಗೆಯುವ ಗುರುತಾದ ಚಂದ್ರಕಲ, ಆಮೇಲೆ 200ಡಿ ಸೇರಿಸಿ ಬರೆಯುತ್ತಿದ್ದರು. 2008ರಲ್ಲಿ ಬಂದ ಯೂನಿಕೋಡ್ 5.1ರಲ್ಲಿ ಚಿಲ್ಲುಗಳಿಗೆ ಸ್ವಂತ ನಂಬರ್ ಸಿಕ್ಕಿತು. ಕ್ಯಾಟಲಾಗ್‌ನಲ್ಲಿ ಎರಡೂ ಬಗೆಯ ಬರಹ ಬೆರೆತಿರುತ್ತದೆ. ಹಳೆಯ ಜೋಡಣೆಯನ್ನು ಹೊಸ ಅಕ್ಷರಕ್ಕೆ ಬದಲಿಸುವ ಸಾಲುಗಳನ್ನೂ ಅದೇ ಮ್ಯಾಪಿಂಗ್ ಫೈಲ್‌ನಲ್ಲಿ ಹಾಕಿ. ಈ ಫಿಲ್ಟರ್ ಉದ್ದದ ಜೋಡಣೆಯನ್ನು ಮೊದಲು ಹಿಡಿಯುತ್ತದೆ. ಹಾಗಾಗಿ ಅವುಗಳ ಜೊತೆ 200ಡಿ ಅಳಿಸು ಅಂತ ಸಾಲು ಹಾಕಿದರೂ ಚಿಲ್ಲು ಉಳಿಯುತ್ತದೆ, ಉಳಿದ 200ಡಿ ಹೋಗುತ್ತದೆ.

ಇನ್ನೊಂದು, ಅನುಸ್ವಾರದ ಜಾಗದಲ್ಲಿ ಸೊನ್ನೆ. ಮಂಜೇಶ್ವರ ಅಂತ ಬರೆಯುವಾಗ ಮ ಆದ ಮೇಲೆ ಕನ್ನಡ ಅಂಕಿಯ ಸೊನ್ನೆ ಒತ್ತಿಬಿಡುತ್ತಾರೆ. ನೋಡಲು ಹೆಚ್ಚುಕಡಿಮೆ ಒಂದೇ. ಎಲ್ಲ ಸೊನ್ನೆಯನ್ನೂ ಅನುಸ್ವಾರ ಮಾಡಿದರೆ ಕನ್ನಡ ಅಂಕಿಯಲ್ಲಿ ಅಚ್ಚಾದ ಇಸವಿಗಳು ಹಾಳಾಗುತ್ತವೆ. ಅದಕ್ಕೆ ಪ್ಯಾಟರ್ನ್ ರಿಪ್ಲೇಸ್ ಚಾರ್ ಫಿಲ್ಟರ್ ಹಾಕಿ, ಅಕ್ಷರದ ಬೆನ್ನಿಗೆ ಬಂದ ಸೊನ್ನೆಯನ್ನು ಮಾತ್ರ ಬದಲಿಸಿ.

ಫೈಲ್‌ಗಳನ್ನು ಯುಟಿಎಫ್-8 ಎಂಬ ಯೂನಿಕೋಡ್ ಬರಹರೂಪದಲ್ಲೇ ಉಳಿಸಿ. ಅದರಲ್ಲಿ ಕನ್ನಡದ ಒಂದೊಂದು ಕೋಡ್‌ಗೂ 3 ಬೈಟ್ ಬೇಕು. ಕಾಸರಗೋಡು ಅನ್ನುವುದರಲ್ಲಿ ಸ್ವರಚಿಹ್ನೆಗಳೂ ಸೇರಿ 8 ಕೋಡ್, ಅಂದರೆ 24 ಬೈಟ್. ಇಂಗ್ಲಿಷ್‌ನಲ್ಲಿ ಅದೇ ಹೆಸರಿಗೆ 9 ಬೈಟ್ ಸಾಕು. ಈ ಲೆಕ್ಕ ಯಾಕೆ ಅಂದರೆ, ಜೂಕೀಪರ್ ಒಂದು ಫೈಲ್‌ಗೆ ಹೆಚ್ಚುಕಡಿಮೆ 1 ಎಂಬಿ ಮಿತಿ ಇಟ್ಟಿದೆ. ಕನ್ನಡದ ಸಮಾನಪದಗಳ ಪಟ್ಟಿ ಮೂರೂವರೆ ಲಕ್ಷ ಕೋಡ್ ಮುಟ್ಟುವ ಹೊತ್ತಿಗೆ ಅದು ತುಂಬಿರುತ್ತದೆ. ದೊಡ್ಡ ಪಟ್ಟಿ ಏರಿಸಲು ಹೋಗಿ ಕನೆಕ್ಷನ್ ಕಡಿದುಹೋಯಿತು ಅಂತ ತೋರಿಸಿದರೆ ನೆಟ್‌ವರ್ಕ್ ಹುಡುಕುತ್ತಾ ಕೂರಬೇಡಿ, ಮೊದಲು ಫೈಲ್ ಸೈಜ್ ನೋಡಿ.

ಮಿತಿ ಹೆಚ್ಚಿಸಲು ಜೂಟ್.ಮ್ಯಾಕ್ಸ್‌ಬಫರ್ ಅನ್ನುವ ಸೆಟ್ಟಿಂಗ್ ಇದೆ. ಆದರೆ ಅದನ್ನು ಎಲ್ಲ ಜೂಕೀಪರ್‌ಗಳಲ್ಲಿ, ಎಲ್ಲ ಸೋಲರ್‌ಗಳಲ್ಲಿ, ಏರಿಸುವ ಕಮಾಂಡ್ ಓಡಿಸುವ ಜಾಗದಲ್ಲಿ ಕೂಡ ಒಂದೇ ಸಮ ಇಡಬೇಕು. ಒಂದು ಕಡೆ ಮರೆತರೆ ಅಲ್ಲೇ ಮುರಿಯುತ್ತದೆ. ನಾನು ಅದಕ್ಕೆ ಹೋಗುವುದಿಲ್ಲ. ಸಮಾನಪದ ಫಿಲ್ಟರ್‌ಗೆ ಕಾಮಾ ಹಾಕಿ ಹಲವು ಫೈಲ್‌ಗಳ ಹೆಸರು ಕೊಡಬಹುದು. ನಾನು ಊರ ಹೆಸರುಗಳಿಗೆ ಒಂದು, ಕೃಷಿ ಪದಗಳಿಗೆ ಒಂದು ಅಂತ ಒಡೆದಿದ್ದೇನೆ. ಕುಂಬಳೆ, ಕುಂಬ್ಳೆ ಮೊದಲನೆಯದರಲ್ಲಿ. ಅಡಿಕೆ, ಅಡಕೆ ಎರಡನೆಯದರಲ್ಲಿ. ಯಾರಾದರೂ ತಪ್ಪು ತೋರಿಸಿದರೆ ಹುಡುಕಲೂ ಸುಲಭ.

ಮೊದಲ ದಾರಿ: ಅಪ್‌ಕಾನ್ಫಿಗ್

ಇದು ನೇರ ದಾರಿ. ಸೋಲರ್ ಜೊತೆ ಬರುವ ಕಮಾಂಡ್ ಜೂಕೀಪರ್ ಜೊತೆ ತಾನೇ ಮಾತಾಡಿ ಫೋಲ್ಡರನ್ನು ಏರಿಸುತ್ತದೆ.

ಬಿನ್/ಸೋಲರ್ ಜೆಡ್‌ಕೆ ಅಪ್‌ಕಾನ್ಫಿಗ್ -ಎನ್ ಪುಸ್ತಕ_07 -ಡಿ ./ಪುಸ್ತಕ -ಜೆಡ್ ಯಂತ್ರ1:2181,ಯಂತ್ರ2:2181,ಯಂತ್ರ3:2181/ಸೋಲರ್

ಎನ್ ಅಂದರೆ ಜೂಕೀಪರ್‌ನಲ್ಲಿ ಇಡುವ ಹೆಸರು. ಡಿ ಅಂದರೆ ನಿಮ್ಮ ಮೆಷಿನ್‌ನಲ್ಲಿರುವ ಫೋಲ್ಡರ್, ಅದರೊಳಗೆ ಕಾನ್ಫ್ ಇರಬೇಕು. ಜೆಡ್ ಅಂದರೆ ಜೂಕೀಪರ್ ವಿಳಾಸ.

ಆ ವಿಳಾಸದ ಬಾಲದಲ್ಲಿರುವ ಸ್ಲ್ಯಾಶ್ ಸೋಲರ್ ಅನ್ನು ಗಮನಿಸಿ. ಅದಕ್ಕೆ ಸೀಹೆಚ್‌ರೂಟ್ ಅನ್ನುತ್ತಾರೆ. ಜೂಕೀಪರನ್ನು ಬೇರೆ ಕೆಲಸಗಳಿಗೂ ಬಳಸುವಾಗ ಸೋಲರ್‌ನ ಸಾಮಾನು ಒಂದು ಕಡೆ ಇರಲಿ ಅಂತ ಹಾಗೆ ಮಾಡುತ್ತಾರೆ. ಅದು ಕೊನೆಯ ಮೆಷಿನ್ ಆದ ಮೇಲೆ ಒಂದೇ ಸಲ ಬರಬೇಕು. ಬಿಟ್ಟುಬಿಟ್ಟರೆ ಕಮಾಂಡ್ ಚೆನ್ನಾಗಿಯೇ ಮುಗಿಯುತ್ತದೆ, ಫೈಲ್ ಮಾತ್ರ ಜೂಕೀಪರ್‌ನ ಬುಡದಲ್ಲಿ ಯಾರೂ ಓದದ ಜಾಗದಲ್ಲಿ ಕೂರುತ್ತದೆ. ಏರಿಸಿದೆ, ಆದರೂ ಕಾನ್ಫಿಗ್‌ಸೆಟ್ ಇಲ್ಲ ಅಂತ ಹೇಳುತ್ತಿದೆ ಅಂದರೆ ಇದನ್ನೇ ಮೊದಲು ನೋಡಿ. ಸೋಲರ್ ಮೆಷಿನ್‌ಗಳ ಜೆಡ್‌ಕೆ ಹೋಸ್ಟ್ ಸೆಟ್ಟಿಂಗ್‌ನಲ್ಲಿ ಏನು ಬರೆದಿದೆಯೋ ಅದನ್ನೇ ಕಾಪಿ ಮಾಡಿ ಹಾಕುವುದು ಕ್ಷೇಮ. ಹೊಸ ಕ್ಲಸ್ಟರ್ ಆದರೆ ಎಂಕೆರೂಟ್ ಕಮಾಂಡ್‌ನಿಂದ ಆ ಬೇರನ್ನು ಮೊದಲೇ ಮಾಡಿಕೊಳ್ಳಿ.

ಅಪ್‌ಕಾನ್ಫಿಗ್‌ಗೆ ಒಂದು ಗುಣ ಇದೆ. ಹಳೆಯ ಹೆಸರಿನ ಮೇಲೆಯೇ ಏರಿಸಿದರೆ ಅದೇ ಹೆಸರಿನ ಫೈಲ್‌ಗಳನ್ನು ಬದಲಿಸುತ್ತದೆ, ಆದರೆ ನೀವು ಅಳಿಸಿದ ಫೈಲನ್ನು ಅಲ್ಲಿಂದ ತೆಗೆಯುವುದಿಲ್ಲ. ಹಳೆಯ ಕಸ ಉಳಿದುಕೊಳ್ಳುತ್ತದೆ. ಹಾಗಾಗಿ ನಾನು ಪ್ರತಿ ಸಲ ಹೊಸ ನಂಬರ್ ಹಾಕಿ ಏರಿಸುತ್ತೇನೆ. ಅದರ ಬಗ್ಗೆ ಮುಂದೆ ಹೇಳುತ್ತೇನೆ.

ಎರಡನೆಯ ದಾರಿ: ಜಿಪ್ ಮಾಡಿ ಕಳಿಸುವುದು

ಎಷ್ಟೋ ಕಡೆ 2181 ಪೋರ್ಟನ್ನು ಹೊರಗಿನಿಂದ ಮುಟ್ಟಲು ಬಿಡುವುದಿಲ್ಲ. ಬಿಡಲೂಬಾರದು. ಜೂಕೀಪರ್‌ಗೆ ತಾನಾಗಿ ಪಾಸ್‌ವರ್ಡ್ ಇರುವುದಿಲ್ಲ, ಪೋರ್ಟ್ ಮುಟ್ಟಿದವರು ಎಲ್ಲವನ್ನೂ ಅಳಿಸಬಹುದು. ಅಂಥ ಕಡೆ ಕಾನ್ಫಿಗ್‌ಸೆಟ್ಸ್ ಎಪಿಐ, ಅಂದರೆ ವೆಬ್ ವಿಳಾಸಕ್ಕೆ ಆಜ್ಞೆ ಕಳಿಸುವ ದಾರಿ, ಬಳಸಿ. ಫೈಲ್‌ಗಳನ್ನು ಜಿಪ್ ಮಾಡಿ ಯಾವುದಾದರೂ ಒಂದು ಸೋಲರ್ ಮೆಷಿನ್‌ನ 8983 ಪೋರ್ಟ್‌ಗೆ ಕರ್ಲ್ ಕಮಾಂಡ್ ಮೂಲಕ ಪೋಸ್ಟ್ ಮಾಡಿದರೆ, ಸೋಲರ್ ಅದನ್ನು ಜೂಕೀಪರ್‌ಗೆ ತಲುಪಿಸುತ್ತದೆ. ಹಳೆಯ ರೀತಿಯ ವಿಳಾಸ ಅಡ್ಮಿನ್/ಕಾನ್ಫಿಗ್ಸ್, ಆಕ್ಷನ್ ಅಪ್‌ಲೋಡ್, ಜೊತೆಗೆ ಹೆಸರು.

ಜಿಪ್ ಮಾಡುವಾಗ ಕಾನ್ಫ್ ಫೋಲ್ಡರ್ ಒಳಗೆ ಹೋಗಿ ಅಲ್ಲಿಂದ ಮಾಡಿ. ಹೊರಗೆ ನಿಂತು ಫೋಲ್ಡರನ್ನೇ ಜಿಪ್ ಮಾಡಿದರೆ ಸೋಲರ್‌ಕಾನ್ಫಿಗ್ ಒಂದು ಮೆಟ್ಟಿಲು ಕೆಳಗೆ ಹೋಗುತ್ತದೆ, ಆಮೇಲೆ ಕಲೆಕ್ಷನ್‌ಗೆ ಅದು ಸಿಗುವುದಿಲ್ಲ. ಅಪ್‌ಕಾನ್ಫಿಗ್‌ಗೆ ಕಾನ್ಫ್ ಇರುವ ಫೋಲ್ಡರ್ ಬೇಕು, ಜಿಪ್‌ಗೆ ಕಾನ್ಫ್ ಒಳಗಿನದ್ದು ಮಾತ್ರ ಬೇಕು. ಎರಡನ್ನೂ ಬಳಸುವವರು ಇಲ್ಲಿ ಗಲಿಬಿಲಿ ಮಾಡಿಕೊಳ್ಳುತ್ತಾರೆ.

ಹಳೆಯ ಹೆಸರಿನ ಮೇಲೆ ಬರೆಯಬೇಕಾದರೆ ಓವರ್‌ರೈಟ್ ಅನ್ನುವುದನ್ನು ಟ್ರೂ ಅಂತ ಕೊಡಿ. ಅಳಿಸಿದ ಫೈಲ್‌ಗಳೂ ಹೋಗಬೇಕಾದರೆ ಕ್ಲೀನಪ್ ಕೂಡ ಟ್ರೂ. ಒಂದೇ ಒಂದು ಫೈಲ್ ಬದಲಿಸಲು ಫೈಲ್‌ಪಾತ್ ಕೊಡಬಹುದು.

ಇನ್ನೊಂದು ಮುಖ್ಯ ವಿಷಯ. ಲಾಗಿನ್ ಇಲ್ಲದ ಸೋಲರ್‌ಗೆ ಈ ದಾರಿಯಲ್ಲಿ ಏರಿಸಿದ ಕಾನ್ಫಿಗ್‌ಸೆಟ್‌ಗೆ ನಂಬಿಕೆಗೆ ಅರ್ಹವಲ್ಲ ಅನ್ನುವ ಗುರುತು ಬೀಳುತ್ತದೆ. ಹೊರಗಿನ ಲೈಬ್ರರಿ ಫೈಲ್ ಸೇರಿಸುವ ಲಿಬ್ ಸಾಲು ಅದರಲ್ಲಿ ಕೆಲಸ ಮಾಡುವುದಿಲ್ಲ. ಸೋಲರ್ 9.8ರ ಮೊದಲಿನವುಗಳಲ್ಲಿ ಅದೇ ಫೋಲ್ಡರನ್ನು ಅಪ್‌ಕಾನ್ಫಿಗ್‌ನಲ್ಲಿ ಏರಿಸಿದರೆ ಕೆಲಸ ಮಾಡುತ್ತದೆ, ಜಿಪ್‌ನಲ್ಲಿ ಏರಿಸಿದರೆ ಇಲ್ಲ (9.8ರಿಂದ ಲಿಬ್ ಸಾಲು ತಾನಾಗಿ ಯಾವ ದಾರಿಯಲ್ಲೂ ಕೆಲಸ ಮಾಡುವುದಿಲ್ಲ). ಕಾರಣ ಗೊತ್ತಿಲ್ಲದಿದ್ದರೆ ಇಡೀ ದಿನ ಹೋಗುತ್ತದೆ. ಪರಿಹಾರ, ಸೋಲರ್‌ಗೆ ಲಾಗಿನ್ ಇಡುವುದು. ಅದು ಹೇಗೂ ಮಾಡಬೇಕಾದ ಕೆಲಸವೇ ಅಲ್ವಾ.

ಮೂರನೆಯ ದಾರಿ, ಮತ್ತು ನಾನು ಅದನ್ನು ಮುಚ್ಚಿಟ್ಟಿರುವ ಕಾರಣ

ಸ್ಕೀಮಾ ಎಪಿಐ ಮತ್ತು ಕಾನ್ಫಿಗ್ ಎಪಿಐ ಅಂತ ಎರಡಿವೆ. ಒಂದು ಫೀಲ್ಡ್ (ಪುಸ್ತಕದ ಹೆಸರು, ಇಸವಿ ಇತ್ಯಾದಿ ಖಾನೆ) ಸೇರಿಸು, ಒಂದು ಸೆಟ್ಟಿಂಗ್ ಬದಲಿಸು ಅಂತ ಒಂದೊಂದೇ ಆಜ್ಞೆ ಕಳಿಸಬಹುದು. ಎಲ್ಲ ಮೆಷಿನ್‌ಗಳೂ ತಾವೇ ರೀಲೋಡ್ ಆಗುತ್ತವೆ. ಕೇಳಲು ಬಹಳ ಸುಲಭ.

ತೊಂದರೆ ಬರುವುದು ಇದನ್ನೂ ಮೊದಲೆರಡು ದಾರಿಗಳನ್ನೂ ಬೆರೆಸಿದಾಗ. ಸ್ಕೀಮಾ ಎಪಿಐ ಜೂಕೀಪರ್‌ನಲ್ಲಿರುವ ಸ್ಕೀಮಾ ಫೈಲನ್ನೇ ತಿದ್ದುತ್ತದೆ. ನಿಮ್ಮ ಗಿಟ್‌ಗೆ ಅದು ಗೊತ್ತಿಲ್ಲ. ಮುಂದಿನ ಸಲ ಅದೇ ಹೆಸರಿಗೆ ಅಪ್‌ಕಾನ್ಫಿಗ್ ಮಾಡಿದಾಗ ಸೇರಿಸಿದ ಫೀಲ್ಡ್ ಮಾಯ. ಕಾನ್ಫಿಗ್ ಎಪಿಐಯದ್ದು ಇದಕ್ಕೆ ಉಲ್ಟಾ. ಅದು ಸೋಲರ್‌ಕಾನ್ಫಿಗ್ ಫೈಲನ್ನು ಮುಟ್ಟುವುದಿಲ್ಲ, ಪಕ್ಕದಲ್ಲಿ ಕಾನ್ಫಿಗ್‌ಓವರ್‌ಲೇ.ಜೆಸನ್ ಅಂತ ಒಂದು ಫೈಲ್ ಇಟ್ಟು, ಅದರಲ್ಲಿರುವುದಕ್ಕೇ ಮೊದಲ ಮರ್ಯಾದೆ ಕೊಡುತ್ತದೆ. ಅಪ್‌ಕಾನ್ಫಿಗ್ ಅದನ್ನು ಅಳಿಸುವುದಿಲ್ಲ. ನೀವು ಸೋಲರ್‌ಕಾನ್ಫಿಗ್‌ನಲ್ಲಿ ಎಷ್ಟು ಸಲ ತಿದ್ದಿ ಏರಿಸಿದರೂ ಹಳೆಯ ಓವರ್‌ಲೇ ಮೇಲೆ ಕೂತು ಗೆಲ್ಲುತ್ತಿರುತ್ತದೆ.

ಹಾಗಾಗಿ ಒಂದು ತಂಡ ಒಂದೇ ದಾರಿ ಹಿಡಿಯಲಿ. ನಮ್ಮಲ್ಲಿ ಫೈಲ್ ದಾರಿ. ಎಪಿಐ ತಿದ್ದುಪಡಿ ಆಗದ ಹಾಗೆ ಸ್ಕೀಮಾ ಫ್ಯಾಕ್ಟರಿಯಲ್ಲಿ ಮ್ಯೂಟಬಲ್ ಅನ್ನು ಫಾಲ್ಸ್ ಮಾಡಿದ್ದೇನೆ, ಸೋಲರ್ ಏಳುವಾಗ ಡಿಸೇಬಲ್.ಕಾನ್ಫಿಗ್‌ಎಡಿಟ್ ಟ್ರೂ ಅಂತ ಕೊಟ್ಟಿದ್ದೇನೆ. ಬೇರೆಯವರ ಕ್ಲಸ್ಟರ್ ನೋಡಲು ಹೋದರೆ ಮೊದಲು ಡೌನ್‌ಕಾನ್ಫಿಗ್ ಕಮಾಂಡ್‌ನಿಂದ ಜೂಕೀಪರ್‌ನಲ್ಲಿ ಇರುವುದನ್ನು ಇಳಿಸಿ, ಗಿಟ್‌ನ ಫೋಲ್ಡರ್ ಜೊತೆ ಡಿಫ್ ಮಾಡಿ, ಅಂದರೆ ಹೋಲಿಸಿ, ನೋಡುತ್ತೇನೆ. ಓವರ್‌ಲೇ ಫೈಲ್ ಕಂಡರೆ ಅದರಲ್ಲಿರುವುದನ್ನೆಲ್ಲ ಮೂಲ ಫೈಲ್‌ಗೆ ತಂದ ಮೇಲೆಯೇ ಮುಂದಿನ ಮಾತು.

ಇದೇ ಸಾಲಿಗೆ ಸೇರುವುದು ಡಿಫಾಲ್ಟ್ ಕಾನ್ಫಿಗ್‌ಸೆಟ್. ಹೆಸರು ಕೊಡದೆ ಕಲೆಕ್ಷನ್ ಮಾಡಿದರೆ ಸೋಲರ್ ಅದರದೇ ಪ್ರತಿ ತೆಗೆದು ಆಟೋಕ್ರಿಯೇಟೆಡ್ ಅಂತ ಬಾಲ ಸೇರಿಸಿ ಇಡುತ್ತದೆ. ಬಂದ ಡೇಟಾ ನೋಡಿ ತಾನೇ ಫೀಲ್ಡ್ ಊಹಿಸುತ್ತದೆ. ಮೊದಲ ಪುಸ್ತಕದ ಇಸವಿ ಅಂಕಿಯಲ್ಲಿದ್ದು ಮುಂದಿನದರಲ್ಲಿ "ಸುಮಾರು 1950" ಅಂತ ಇದ್ದರೆ ಅಲ್ಲೇ ಎರರ್. ಕಲಿಕೆಗೆ ಬಿಟ್ಟು ಬೇರೆಲ್ಲೂ ಬಳಸಬೇಡಿ.

ಸೋಲರ್‌ನಂಥದೇ ಇನ್ನೊಂದು ಸಾಫ್ಟ್‌ವೇರ್ ಎಲಾಸ್ಟಿಕ್‌ಸರ್ಚ್ ಬಳಸುವವರಿಗೆ ಒಂದು ಮಾತು. ಅಲ್ಲಿ ಇಂಡೆಕ್ಸ್‌ನ (ಹುಡುಕಲು ಮಾಡಿಟ್ಟ ಪದಗಳ ಪಟ್ಟಿಯ) ಸೆಟ್ಟಿಂಗ್ ಎಪಿಐ ಮೂಲಕ ಹೋಗುತ್ತದೆ. ಆದರೆ ಸಮಾನಪದವನ್ನು ಫೈಲ್ ದಾರಿ ಕೊಟ್ಟು ಬಳಸಿದರೆ ಆ ಫೈಲನ್ನು ಪ್ರತಿ ನೋಡ್‌ನ (ಮೆಷಿನ್‌ನ) ಕಾನ್ಫಿಗ್ ಫೋಲ್ಡರ್‌ನಲ್ಲೂ ನೀವೇ ಇಡಬೇಕು. ಹತ್ತರಲ್ಲಿ ಒಂದು ನೋಡ್ ಬಿಟ್ಟುಹೋದರೆ ಅಲ್ಲೂ ಇದೇ ನಲವತ್ತು ಹನ್ನೆರಡರ ಕಥೆ.

ಓದಿಸುವುದು

ಏರಿಸಿದ ಕೂಡಲೇ ರೀಲೋಡ್ ಮಾಡಿ. ಕಲೆಕ್ಷನ್ಸ್ ಎಪಿಐಗೆ ಆಕ್ಷನ್ ರೀಲೋಡ್ ಮತ್ತು ಕಲೆಕ್ಷನ್ ಹೆಸರು ಕೊಟ್ಟರೆ ಎಲ್ಲ ರೆಪ್ಲಿಕಾಗಳೂ, ಅಂದರೆ ಬೇರೆ ಬೇರೆ ಮೆಷಿನ್‌ಗಳಲ್ಲಿರುವ ಅದರ ಪ್ರತಿಗಳೂ, ಹೊಸದನ್ನು ಓದುತ್ತವೆ. ಯಾವುದೋ ಒಂದು ಮೆಷಿನ್‌ನ ಕೋರ್ ಅಡ್ಮಿನ್‌ಗೆ ಹೋಗಿ ಒಂದು ಕೋರ್ (ಆ ಮೆಷಿನ್‌ನಲ್ಲಿರುವ ಒಂದು ಪ್ರತಿ) ಮಾತ್ರ ರೀಲೋಡ್ ಮಾಡಬೇಡಿ. ಅದು ಕರೆಂಟ್ ಹೋದ ರಾತ್ರಿಯದ್ದೇ ಸ್ಥಿತಿ, ಕೈಯಾರೆ ಮಾಡಿದ್ದು ಅಷ್ಟೇ.

ರೀಲೋಡ್ ಉತ್ತರವನ್ನು ಪೂರ್ತಿ ಓದಿ. ಇದನ್ನು ಒತ್ತಿ ಹೇಳುತ್ತೇನೆ. ಎಕ್ಸ್‌ಎಂಎಲ್‌ನಲ್ಲಿ ಒಂದು ಟ್ಯಾಗ್ ಮುಚ್ಚಲು ಮರೆತಿದ್ದೀರಿ ಅಂತ ಇಟ್ಟುಕೊಳ್ಳಿ. ರೀಲೋಡ್ ಸೋಲುತ್ತದೆ, ಆದರೆ ಹಳೆಯ ಕೋರ್ ಹಾಗೇ ಕೆಲಸ ಮಾಡುತ್ತಿರುತ್ತದೆ. ಹುಡುಕಿದರೆ ಉತ್ತರ ಬರುತ್ತದೆ. ಎಲ್ಲ ಸರಿ ಇದೆ ಅನಿಸುತ್ತದೆ. ಆಮೇಲೊಂದು ದಿನ ಮೆಷಿನ್ ರೀಸ್ಟಾರ್ಟ್ ಆದಾಗ ಆ ಕೋರ್ ಏಳುವುದೇ ಇಲ್ಲ, ಯಾಕೆಂದರೆ ಜೂಕೀಪರ್‌ನಲ್ಲಿ ಇರುವುದು ಮುರಿದ ಫೈಲ್. ಕರೆಂಟ್ ಮೂರೂ ಮೆಷಿನ್‌ಗೆ ಒಟ್ಟಿಗೆ ಹೋದರೆ ಮೂರೂ ಏಳುವುದಿಲ್ಲ. ನಮ್ಮ ಕಡೆಯ ಜೂನ್, ಜುಲೈ ಗೊತ್ತಿದ್ದವರಿಗೆ ಇದು ಎಷ್ಟು ಹತ್ತಿರದ ಅಪಾಯ ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಅದಕ್ಕೆ ಮೊದಲೇ ಒಂದು ಚಿಕ್ಕ ಪರೀಕ್ಷೆ ಮಾಡಿ. ಹೊಸ ಕಾನ್ಫಿಗ್‌ಸೆಟ್‌ನಿಂದ ಒಂದು ಶಾರ್ಡ್ (ಕಲೆಕ್ಷನ್‌ನ ಒಂದು ತುಂಡು), ಒಂದು ರೆಪ್ಲಿಕಾದ ತಾತ್ಕಾಲಿಕ ಕಲೆಕ್ಷನ್ ಮಾಡಿ. ಇಪ್ಪತ್ತು ಪುಸ್ತಕ ಹಾಕಿ. ನಾಲ್ಕು ಹುಡುಕಾಟ ನಡೆಸಿ. ಕಲೆಕ್ಷನ್ ಆಗಲೇ ಇಲ್ಲ ಅಂದರೆ ಫೈಲ್‌ನಲ್ಲಿ ತಪ್ಪಿದೆ, ಓದುಗರಿಗೆ ಏನೂ ತಟ್ಟಿಲ್ಲ. ಎಲ್ಲ ಸರಿಯಾಗಿ ಆಯಿತು ಅಂದರೆ ತಾತ್ಕಾಲಿಕ ಕಲೆಕ್ಷನ್ ಅಳಿಸಿಬಿಡಿ, ನಿಜವಾದದ್ದಕ್ಕೆ ಹೋಗಿ.

ರೀಲೋಡ್ ಸಾಕೋ, ಮತ್ತೆ ಇಂಡೆಕ್ಸ್ ಮಾಡಬೇಕೋ

ಪುಸ್ತಕ ಒಳಗೆ ಬರುವಾಗ ಪದಗಳನ್ನು ಒಡೆಯುವ ರೀತಿ ಒಂದು, ಹುಡುಕುವಾಗ ಒಡೆಯುವ ರೀತಿ ಇನ್ನೊಂದು. ಹೊಸದುರ್ಗದ ಸಾಲು ಹುಡುಕುವಾಗಿನ ಕಡೆ ಇತ್ತು. ಅದಕ್ಕೆ ರೀಲೋಡ್ ಸಾಕು. ಸಮಾನಪದವನ್ನು ಆ ಕಡೆಯೇ ಇಡಲು ನಾನು ಇಷ್ಟಪಡುವುದು ಇದಕ್ಕೇ. ಮಾಷ್ಟ್ರು ಹೊಸ ಹೆಸರು ಹೇಳಿದರೆ ಹತ್ತು ನಿಮಿಷದಲ್ಲಿ ಸೇರಿಸಬಹುದು.

200ಸಿ ಅಳಿಸುವ ಮ್ಯಾಪಿಂಗ್ ಮಾತ್ರ ಎರಡೂ ಕಡೆ ಬೇಕು. ಅದನ್ನು ಹಾಕಿ ಬರೀ ರೀಲೋಡ್ ಮಾಡಿದರೆ ಮೊದಲಿಗಿಂತ ಕೆಟ್ಟದಾಗುತ್ತದೆ. ಹುಡುಕುವ ಪದದಿಂದ ಕಾಣದ ಅಕ್ಷರ ಹೋಯಿತು, ಇಂಡೆಕ್ಸ್‌ನಲ್ಲಿ ಅದು ಹಾಗೇ ಇದೆ. ನಿನ್ನೆ ಸಿಗುತ್ತಿದ್ದ ಪುಸ್ತಕ ಇವತ್ತು ಸಿಗುವುದಿಲ್ಲ. ಫೀಲ್ಡ್‌ನ ಬಗೆ ಬದಲಿಸಿದರೂ, ಇಂಡೆಕ್ಸ್ ಕಡೆಯ ಫಿಲ್ಟರ್ ಮುಟ್ಟಿದರೂ ಪೂರ್ತಿ ಮತ್ತೆ ಇಂಡೆಕ್ಸ್ ಮಾಡಲೇಬೇಕು.

ಅದನ್ನು ಇರುವ ಕಲೆಕ್ಷನ್ ಮೇಲೆಯೇ ಮಾಡಬೇಡಿ. ಹೊಸ ಕಾನ್ಫಿಗ್‌ಸೆಟ್‌ನಿಂದ ಹೊಸ ಕಲೆಕ್ಷನ್ ಮಾಡಿ, ಎಲ್ಲ ಪುಸ್ತಕಗಳನ್ನೂ ಅದಕ್ಕೆ ತುಂಬಿ, ಲೆಕ್ಕ ಸರಿ ಇದೆಯೋ ನೋಡಿ. ಆಮೇಲೆ ಏಲಿಯಾಸ್ ಬದಲಿಸಿ. ಏಲಿಯಾಸ್ ಅಂದರೆ ಕಲೆಕ್ಷನ್‌ಗೆ ಇಟ್ಟ ಕರೆಯುವ ಹೆಸರು. ನಮ್ಮ ವೆಬ್‌ಸೈಟ್ ಕೇಳುವುದು ಆ ಹೆಸರನ್ನು ಮಾತ್ರ. ಒಂದೇ ಆಜ್ಞೆಯಲ್ಲಿ ಅದು ಹಳೆಯದರಿಂದ ಹೊಸದಕ್ಕೆ ತಿರುಗುತ್ತದೆ, ಹುಡುಕುತ್ತಿದ್ದವರಿಗೆ ಗೊತ್ತೂ ಆಗುವುದಿಲ್ಲ.

ನೋಡುವುದು

ಅಡ್ಮಿನ್ ಪರದೆಯ ಫೈಲ್ಸ್ ಪುಟದಲ್ಲಿ ಹೊಸ ಸಾಲು ಕಂಡಿತು ಅಂತ ಸಮಾಧಾನ ಪಡಬೇಡಿ. ಆ ಪುಟ ಜೂಕೀಪರ್‌ನಲ್ಲಿ ಇರುವುದನ್ನು ತೋರಿಸುತ್ತದೆ. ಕೋರ್ ತಲೆಯಲ್ಲಿ ಏನಿದೆ ಅಂತ ಅಲ್ಲಿ ತಿಳಿಯುವುದಿಲ್ಲ. ಮಾಷ್ಟ್ರ ಫೋನ್ ಬಂದ ದಿನ ನಾನು ಮೊದಲು ತೆರೆದದ್ದು ಅದೇ ಪುಟ. ಮೂರೂ ಮೆಷಿನ್‌ನಲ್ಲಿ ಹೊಸದುರ್ಗದ ಸಾಲು ಕಂಡಿತು. ಅದರಿಂದಾಗಿ ಅರ್ಧ ಗಂಟೆ ಬೇರೆ ಕಡೆ ಹುಡುಕಿದೆ.

ಸರಿಯಾದ ಕ್ರಮ ಹೀಗೆ. ಕ್ಲಸ್ಟರ್‌ಸ್ಟೇಟಸ್ ಕೇಳಿ. ಯಾವ ರೆಪ್ಲಿಕಾ ಯಾವ ಮೆಷಿನ್‌ನಲ್ಲಿ, ಅದರ ಕೋರ್ ಹೆಸರೇನು ಅಂತ ಎಲ್ಲ ಬರುತ್ತದೆ. ಒಂದೊಂದು ಕೋರ್‌ಗೂ ನೇರವಾಗಿ ಅದೇ ಪ್ರಶ್ನೆ ಕಳಿಸಿ, ಜೊತೆಗೆ ಡಿಸ್ಟ್ರಿಬ್ ಫಾಲ್ಸ್ ಅಂತ ಸೇರಿಸಿ. ಹಾಗೆಂದರೆ ಬೇರೆಯವರನ್ನು ಕೇಳಬೇಡ, ನಿನ್ನಲ್ಲಿ ಇರುವುದನ್ನು ಹೇಳು ಅಂತ. ರೋಸ್ 0 ಕೊಟ್ಟರೆ ಲೆಕ್ಕ ಮಾತ್ರ ಬರುತ್ತದೆ. ಹೊಸದುರ್ಗ ಅಂತ ಕೇಳಿದಾಗ ಮೂರರಿಂದಲೂ ನಲವತ್ತು ಬರಬೇಕು. ಒಂದಕ್ಕಿಂತ ಜಾಸ್ತಿ ಶಾರ್ಡ್ ಇದ್ದರೆ ಒಂದೇ ಶಾರ್ಡ್‌ನ ರೆಪ್ಲಿಕಾಗಳನ್ನು ಮಾತ್ರ ಹೋಲಿಸಿ. ಹೊಸ ಪುಸ್ತಕ ಸೇರಿಸುತ್ತಿರುವ ಹೊತ್ತಲ್ಲಿ ಈ ಪರೀಕ್ಷೆ ಬೇಡ, ಆಗ ಲೆಕ್ಕ ಸ್ವಲ್ಪ ಹೊತ್ತು ಹೆಚ್ಚುಕಡಿಮೆ ಆಗುವುದು ಸಹಜ.

ಲೆಕ್ಕ ಬೇರೆ ಬಂದ ಕೋರ್‌ನಲ್ಲಿ ಅನಾಲಿಸಿಸ್ ಪುಟ ತೆರೆಯಿರಿ. ಹುಡುಕುವ ಕಡೆಯ ಪೆಟ್ಟಿಗೆಯಲ್ಲಿ ಹೊಸದುರ್ಗ ಅಂತ ಬರೆದು ಒತ್ತಿ. ಹೊಸ ಫೈಲ್ ಓದಿದ ಕೋರ್‌ನಲ್ಲಿ ಸಮಾನಪದ ಫಿಲ್ಟರ್ ಸಾಲಿಗೆ ಬಂದಾಗ ಒಂದು ಪದ ಎರಡಾಗುತ್ತದೆ, ಪಕ್ಕದಲ್ಲಿ ಕಾಞಂಗಾಡು ಬಂದು ನಿಲ್ಲುತ್ತದೆ. ಓದದ ಕೋರ್‌ನಲ್ಲಿ ಒಂದೇ ಪದ ಕೆಳಗಿನವರೆಗೂ ಒಂಟಿಯಾಗಿ ಇಳಿಯುತ್ತದೆ.

ಹೆಸರಿನ ಹಿಂದೆ ನಂಬರ್

ಆ ದಿನದ ನಂತರ ನಾನು ಒಂದೇ ಹೆಸರಿನ ಮೇಲೆ ಏರಿಸುವುದನ್ನು ಬಿಟ್ಟೆ. ಈಗ ಪುಸ್ತಕ_07 ಓಡುತ್ತಿದ್ದರೆ ಹೊಸದು ಪುಸ್ತಕ_08 ಅಂತ ಏರುತ್ತದೆ. ಅದನ್ನು ಯಾವ ಕಲೆಕ್ಷನ್ ಕೂಡ ಹಿಡಿದುಕೊಂಡಿಲ್ಲ. ರಾತ್ರಿ ಕರೆಂಟ್ ಹೋಗಿ ಯಾವ ಮೆಷಿನ್ ಎದ್ದರೂ 07 ಅನ್ನೇ ಓದುತ್ತದೆ. ತಾತ್ಕಾಲಿಕ ಕಲೆಕ್ಷನ್‌ನಲ್ಲಿ 08 ಪರೀಕ್ಷೆ ಆದ ಮೇಲೆ ಮಾಡಿಫೈಕಲೆಕ್ಷನ್ ಅನ್ನುವ ಆಜ್ಞೆಗೆ ಕಲೆಕ್ಷನ್.ಕಾನ್ಫಿಗ್‌ನೇಮ್ ಪುಸ್ತಕ_08 ಅಂತ ಕೊಡುತ್ತೇನೆ. ಹೆಸರು ಬದಲಾಗುತ್ತದೆ, ರೀಲೋಡ್ ಕೂಡ ಅದೇ ಆಜ್ಞೆಯಲ್ಲಿ ಆಗುತ್ತದೆ. ಏರಿಸುವುದಕ್ಕೂ ಓದಿಸುವುದಕ್ಕೂ ನಡುವೆ ಇದ್ದ ಸಂದು ಮುಚ್ಚಿತು.

ಏನಾದರೂ ಕೆಟ್ಟರೆ ಅದೇ ಆಜ್ಞೆ, 07 ಅಂತ. ಇಂಡೆಕ್ಸ್ ಕಡೆಯ ಬದಲಾವಣೆ ಇದ್ದ ಸಲ ಈ ಹಿಮ್ಮರಳಿಕೆ ಸಾಲದು, ಆಗ ಏಲಿಯಾಸನ್ನು ಹಳೆಯ ಕಲೆಕ್ಷನ್‌ಗೆ ತಿರುಗಿಸಬೇಕು. ಅದಕ್ಕಾಗಿ ಹಳೆಯ ಕಲೆಕ್ಷನನ್ನು ಒಂದು ವಾರ ಅಳಿಸದೆ ಇಟ್ಟಿರುತ್ತೇನೆ.

ಇದೆಲ್ಲ ಈಗ ಒಂದು ಸ್ಕ್ರಿಪ್ಟ್‌ನಲ್ಲಿದೆ. ಎಕ್ಸ್‌ಎಂಎಲ್ ಸರಿ ಇದೆಯೋ ನೋಡುತ್ತದೆ, ಪ್ರತಿ ಫೈಲ್ 1 ಎಂಬಿ ಒಳಗಿದೆಯೋ ನೋಡುತ್ತದೆ, ಏರಿಸುತ್ತದೆ, ಪರೀಕ್ಷೆ ಮಾಡುತ್ತದೆ, ಹೆಸರು ಬದಲಿಸುತ್ತದೆ, ಕೊನೆಗೆ ಪ್ರತಿ ಕೋರ್‌ಗೂ ಹತ್ತು ಹುಡುಕಾಟ ಕಳಿಸಿ ಲೆಕ್ಕ ಅಕ್ಕಪಕ್ಕ ಇಡುತ್ತದೆ. ಆ ಹತ್ತು ಪದಗಳನ್ನು ಆರಿಸಿಕೊಟ್ಟವರು ಮಾಷ್ಟ್ರು. ಹೊಸದುರ್ಗ, ಕುಂಬಳೆ, ಅಡಿಕೆ, ಸೊನ್ನೆ ಸೇರಿದ ಮಂಜೇಶ್ವರ, ಕಾಣದ ಅಕ್ಷರ ಇರುವ ಕಾಸರ್‌ಗೋಡ್ ಎಲ್ಲ ಅದರಲ್ಲಿವೆ. ಮೂರು ಕಾಲಂನ ಅಂಕಿಗಳು ಒಂದೇ ಸಮ ಬಂದರೆ ಸ್ಕ್ರಿಪ್ಟ್ ಹಳೆಯ ಕಾನ್ಫಿಗ್‌ಸೆಟ್‌ಗಳಲ್ಲಿ ಕೊನೆಯ ಎರಡನ್ನು ಉಳಿಸಿ ಮಿಕ್ಕದ್ದನ್ನು ಅಳಿಸುತ್ತದೆ. ಬಳಕೆಯಲ್ಲಿರುವುದನ್ನು ಅಳಿಸಲು ಹೋದರೆ ಕಾನ್ಫಿಗ್‌ಸೆಟ್ಸ್ ಎಪಿಐ ತಾನೇ ತಡೆಯುತ್ತದೆ. ಒಂದು ಅಂಕಿ ಬೇರೆ ಬಂದರೂ ಏನನ್ನೂ ಅಳಿಸದೆ ನಿಲ್ಲುತ್ತದೆ, ನಾನು ಮನೆಗೆ ಹೊರಡುವುದೂ ಆ ಅಂಕಿ ಸರಿಯಾದ ಮೇಲೆಯೇ.